ಮುಳುಗುವವರ ಬಟ್ಟಲು

ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡು ಕೂತಿದ್ದರೂ ಖಿಯೆಮ್‌ನ ಬಾಯಿ ಸುಮ್ಮನಿರಲಿಲ್ಲ.

"ಮೆಲ್ಲಗೆ ಇಳಿಸಿ ಡಾಕ್ಟ್ರಮ್ಮ, ಮೆಲ್ಲಗೆ. ಅವಸರ ಮಾಡಿದ್ರೆ ಎಲ್ಲಾ ಕದಡಿಹೋಗುತ್ತೆ."

"ಇದು ನಿಮ್ಮ ಮೀನಿನ ರಸ ಅಲ್ಲ ಚಿಕ್ಕಪ್ಪ, ಎದೆಯ ನೀರು. ಅಲ್ಲಾಡಬೇಡಿ."

"ರಸವೋ ನೀರೋ, ಇಳಿಸೋ ಕೆಲಸ ಒಂದೇ ಅಲ್ವಾ? ಮೂವತ್ತೈದು ವರ್ಷದಿಂದ ಇದನ್ನೇ ಮಾಡ್ಕೊಂಡು ಬಂದೋನು ನಾನು. ನೀವು ಹುಟ್ಟೋಕೆ ಮುಂಚಿನಿಂದ."

ಡಾಕ್ಟರ್ ಉಯೆನ್ ಮುಖಗವುಸಿನೊಳಗೇ ನಕ್ಕಳು. ಖಿಯೆಮ್ ಮಂಚದ ಅಂಚಿನಲ್ಲಿ ಕೂತು, ಮುಂದಿನ ಮೇಜಿನ ಮೇಲಿಟ್ಟ ದಿಂಬನ್ನು ತಬ್ಬಿ ಬಗ್ಗಿದ್ದ. ಬಲ ಪಕ್ಕೆಲುಬುಗಳ ನಡುವಿನಿಂದ ಹೊರಟ ಸಣ್ಣ ಕೊಳವೆ ನೆಲದ ಮೇಲಿನ ಬಾಟಲಿಗೆ ಇಳಿದಿತ್ತು. ಅದರಲ್ಲಿ ತಿಳಿಹಳದಿ ನೀರು ಸದ್ದಿಲ್ಲದೆ ಏರುತ್ತಿತ್ತು. ಒಂದೂವರೆ ಲೀಟರಿನ ಗೆರೆ ಮುಟ್ಟುವ ಹೊತ್ತಿಗೆ ಅವನಿಗೆ ಕೆಮ್ಮು ಶುರುವಾಯಿತು. ಉಯೆನ್ ತಕ್ಷಣ ಸೂಜಿ ಹೊರತೆಗೆದು ಹತ್ತಿ ಒತ್ತಿದಳು.

"ಇನ್ನೂ ಇದೆಯಲ್ಲ ಒಳಗೆ!"

"ಇದೆ. ಇವತ್ತಿಗೆ ಇಷ್ಟು ಸಾಕು. ಮಡಿಚಿಕೊಂಡಿರೋ ಶ್ವಾಸಕೋಶ ಒಮ್ಮೆಲೇ ಅರಳಿದರೆ ಅದಕ್ಕೇ ಪೆಟ್ಟು."

ಈ ಮಾತಿಗೆ ಮಾತ್ರ ಖಿಯೆಮ್ ಎದುರಾಡಲಿಲ್ಲ. ಉಯೆನ್ ದೂರದ ಉತ್ತರದ ಕಡೆಯವಳು, ಹಿರಿಯರನ್ನೆಲ್ಲ ಚಿಕ್ಕಪ್ಪ ಚಿಕ್ಕಮ್ಮ ಎನ್ನುವವಳು, ಇನ್ನೂ ಮೂವತ್ತು ದಾಟದವಳು, ಮಾತಿನ ಧಾಟಿಯೇ ಬೇರೆ. ಆದರೂ ಅವಳ ಮೇಲೆ ಅವನಿಗೆ ನಂಬಿಕೆ ಕೂತದ್ದು ಈ ಒಂದು ಕಟ್ಟುನಿಟ್ಟಿನಿಂದಲೇ. ಫೂ ಕ್ವೋಕ್ ದ್ವೀಪದಲ್ಲಿ ಅವನದೇ ಹದಿನಾಲ್ಕು ಪೀಪಾಯಿಗಳ ಮನೆಯಿದೆ. ಒಂದೊಂದೂ ಆಳೆತ್ತರದ ಮರದ ಪೀಪಾಯಿ. ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು ಬೆರೆಸಿ, ಒತ್ತಿ, ವರ್ಷಕ್ಕೂ ಮೇಲೆ ಕಾದರೆ ಬುಡದ ತೂಬಿನಿಂದ ಕೆಂಪು ರಸ ಇಳಿಯುತ್ತದೆ. ಆತುರಗೆಟ್ಟು ತೂಬನ್ನು ಪೂರ್ತಿ ತೆರೆದವನ ಪೀಪಾಯಿ ಕೆಸರೆದ್ದು ಕೆಟ್ಟಂತೆಯೇ. ಅದು ಆ ಡಾಕ್ಟರಿಗೂ ಗೊತ್ತಿದೆಯಲ್ಲ ಎಂದು ಅವನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದ.

ಇದು ಏಳನೆಯ ಸಲ. ಹುಟ್ಟಿನಿಂದಲೇ ರಕ್ತದಲ್ಲಿ ಸದ್ದಿಲ್ಲದೆ ಕೂತಿದ್ದ ಕಾಮಾಲೆಯ ವೈರಸ್ಸು ಐವತ್ತೆಂಟು ವರ್ಷದಲ್ಲಿ ಅವನ ಲಿವರನ್ನು ಕಲ್ಲು ಮಾಡಿಬಿಟ್ಟಿತ್ತು. ಹೊಟ್ಟೆಯಲ್ಲಿ ಒಸರುವ ನೀರು, ಹೊಟ್ಟೆಗೂ ಎದೆಗೂ ನಡುವಿನ ಪರದೆಯಲ್ಲಿರುವ ಕಣ್ಣಿಗೆ ಕಾಣದ ತೂತುಗಳಿಂದ ಮೇಲಕ್ಕೆ ನುಸುಳಿ, ಬಲಗಡೆಯ ಶ್ವಾಸಕೋಶವನ್ನು ಅಮುಕುತ್ತಿತ್ತು. ಮೊದಲ ಸಲ ತೆಗೆದಾಗ ಇಪ್ಪತ್ತು ದಿನ ನಿರಾಳ. ಆಮೇಲೆ ಹದಿನಾಲ್ಕು, ಆಮೇಲೆ ಹತ್ತು. ಈ ಸಲ ಆರನೆಯ ದಿನಕ್ಕೇ ಅವನು ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾರದೆ, ಎರಡೂವರೆ ತಾಸು ಲಾಂಚಿನಲ್ಲಿ ಕೂತು ರಾಕ್ ಯಾ ಊರಿನ ಈ ಆಸ್ಪತ್ರೆಗೆ ಬಂದು ಬಿದ್ದಿದ್ದ. ಅದು ನಿನ್ನೆಯ ಮಾತು.

ಅಂಗಿಯ ತೋಳಿಗೆ ಕೈ ತೂರಿಸುತ್ತ ಅವನು ಹೇಳಿದ. "ನೋಡಿ ಡಾಕ್ಟ್ರಮ್ಮ, ಕೊನೇ ಸಲ ಕೇಳ್ತೀನಿ. ಒಂದು ತೂಬು ಇಟ್ಟುಬಿಡಿ. ಬೇಕಾದಾಗ ತಿರುಗಿಸ್ತೀನಿ, ಇಳಿಸ್ಕೋತೀನಿ, ಮುಚ್ಚಿ ಹಾಕ್ತೀನಿ. ನನಗಿಂತ ಚೆನ್ನಾಗಿ ನೋಡ್ಕೊಳ್ಳೋರು ಯಾರಿದಾರೆ?"

"ಆಗಲ್ಲ ಅಂತ ನಾನೂ ಕೊನೇ ಸಲ ಹೇಳ್ತೀನಿ. ಬೇರೆ ಕಾಯಿಲೆಯವರಿಗೆ ಎದೆಯಲ್ಲಿ ಕೊಳವೆ ಇಡ್ತೇವೆ, ತೆಗೀತೇವೆ. ನಿಮ್ಮ ಹಾಗೆ ಲಿವರ್ ಕೆಟ್ಟವರಿಗೆ ಇಟ್ಟರೆ ನೀರು ನಿಲ್ಲೋದೇ ಇಲ್ಲ. ದಿನಾ ಸೋರುತ್ತೆ, ಮೈಯ ಸತ್ವ ಎಲ್ಲಾ ಅದರ ಜೊತೆ ಹೋಗುತ್ತೆ. ಕೀವು ಕಟ್ಟುತ್ತೆ, ಕಿಡ್ನಿ ಕೈ ಕೊಡುತ್ತೆ. ಕೊಳವೆ ಹಾಕಿಸಿಕೊಂಡು ಬಂದವರನ್ನ ನೋಡಿದ್ದೇನೆ ಚಿಕ್ಕಪ್ಪ. ಅದನ್ನ ತೆಗೆಯೋವರೆಗೆ ಅವರು ಉಳೀಲಿಲ್ಲ."

"ಮಾರ್ಕೆಟ್ ಹಿಂದೆ ಕ್ಲಿನಿಕ್ ಇಟ್ಕೊಂಡಿರೋ ಒಬ್ಬರು ಹಾಕ್ತೀನಿ ಅಂದಿದಾರೆ."

ಉಯೆನ್‌ಳ ಕೈ ನಿಂತಿತು. "ಯಾವಾಗ?"

"ಇವತ್ತು ಮೂರು ಗಂಟೆಗೆ. ನನ್ನ ಒಂಬತ್ತನೇ ಪೀಪಾಯಿ ಹದಿನೈದು ತಿಂಗಳಿಂದ ಕೂತಿದೆ. ಈ ತಿಂಗಳಲ್ಲಿ ಇಳಿಸದಿದ್ರೆ ಹೊಸ ಮೀನಿಗೆ ಜಾಗ ಇಲ್ಲ. ಹದ ಬಂತು ಅಂತ ಹೇಳಬೇಕಾದೋನು ನಾನು. ಆರು ದಿನಕ್ಕೊಂದ್ಸಲ ಲಾಂಚ್ ಹತ್ತಿ ಕೂತರೆ ಅದನ್ನ ಯಾರು ನೋಡ್ತಾರೆ, ನೀವು ಬರ್ತೀರಾ?"

"ಬರ್ತೇನೆ, ಮೊದಲು ನೀವು ಉಳೀರಿ," ಎಂದು ಉಯೆನ್ ಸಿಟ್ಟಿನಿಂದಲೇ ಬಾಟಲಿ ಎತ್ತಿಕೊಂಡಳು. "ನಿನ್ನೆಯಿಂದ ಕೂಡಿಟ್ಟ ಮೂತ್ರದ ರಿಪೋರ್ಟ್ ಇನ್ನೊಂದು ತಾಸಿಗೆ ಬರುತ್ತೆ. ಅಲ್ಲಿವರೆಗೆ ಹಾಸಿಗೆ ಬಿಟ್ಟು ಏಳಕೂಡದು."

ಅವಳು ಹೋದ ಮೇಲೆ ಖಿಯೆಮ್‌ನ ಹೆಂಡತಿ ಥೋವಾ ಒಳಗೆ ಬಂದಳು. ಸೂಜಿ ಹಾಕುವಾಗ ಅವಳು ಒಂದು ಸಲವೂ ಒಳಗಿದ್ದವಳಲ್ಲ. ಹೊರಗಿನ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ಮುಗಿಯಿತು ಎಂದು ಗೊತ್ತಾದ ಕೂಡಲೇ ಅವಳಿಗೆ ಒಂದು ಕೆಲಸವಿತ್ತು. ಬಾಗಿಲ ಕಡೆ ಒಮ್ಮೆ ನೋಡಿ, ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ ಪುಟ್ಟ ಬಾಟಲಿ ತೆಗೆದು, ಅಂಗೈಯೊಳಗೆ ಮುಚ್ಚಿಹೋಗುವಂಥ ಪಿಂಗಾಣಿ ಬಟ್ಟಲಿಗೆ ತುಂಬ ಸುರಿದಳು. ಮೂರನೆಯ ಪೀಪಾಯಿಯ ಮೊದಲ ಇಳಿಕೆಯ ರಸ, ಮನೆಯಲ್ಲಿ ಇದ್ದುದರಲ್ಲೇ ಅತಿ ಗಟ್ಟಿ.

"ತಗೊಳ್ರಿ. ಬಿಸಿ ಏರಲಿ."

ಖಿಯೆಮ್ ಬಟ್ಟಲನ್ನು ಒಂದು ಗಳಿಗೆ ನೋಡಿದ. ಒಂದೇ ಗುಟುಕಿಗೆ ಕುಡಿದು ಮುಖ ಕಿವುಚಿದ. ಥೋವಾ ಅವನ ಹೆಗಲಿಗೆ ಇನ್ನೊಂದು ಟವೆಲ್ಲು ಹೊದಿಸಿ, ಎದೆಯ ಮುಂದೆ ಗಂಟು ಹಾಕಿದಳು.

ಇದನ್ನು ಕೇಳಿ ನಗುವವರು ನಗಲಿ. ನಮ್ಮ ದ್ವೀಪದಲ್ಲಿ ಆ ಬಟ್ಟಲು ಊಟದ ಲೆಕ್ಕಕ್ಕೆ ಸೇರುವುದಿಲ್ಲ. ಸಮುದ್ರದ ತಳಕ್ಕೆ ಮುಳುಗಿ ಚಿಪ್ಪು ಆರಿಸುವವರು ದೋಣಿಯಂಚಿನಲ್ಲಿ ನಿಂತು ಅದನ್ನು ಕುಡಿಯುತ್ತಾರೆ. ತಣ್ಣೀರಿನಲ್ಲಿ ಮೈ ಮರಗಟ್ಟುವುದಿಲ್ಲ, ಉಸಿರು ಗಟ್ಟಿ ನಿಲ್ಲುತ್ತದೆ ಎಂದು ನಂಬಿಕೆ. ಥೋವಾಳ ಅಪ್ಪ ಹಾಗೆ ಮುಳುಗುವವನು. ಅವಳ ಅಮ್ಮ ದಿನಾ ಬೆಳಿಗ್ಗೆ ಬಟ್ಟಲು ತುಂಬಿಕೊಟ್ಟಳು, ಅಪ್ಪ ದಿನಾ ಮೇಲೆ ಬಂದ. ಗಂಡನ ಮೈಯಿಂದ ಬಾಟಲಿಗಟ್ಟಲೆ ನೀರು ತೆಗೆದು, ಅವನು ನಡುಗುತ್ತ ಹೊರಗೆ ಬಂದ ಮೊದಲ ದಿನವೇ ಅವಳ ಕೈ ತಾನಾಗಿ ಆ ಬಟ್ಟಲನ್ನು ಹುಡುಕಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಒಂದು. ಸೂಜಿ ಹಾಕಿದ ದಿನ ಇನ್ನೊಂದು. ನೀರು ಬೇಗ ಬೇಗ ತುಂಬತೊಡಗಿದ ಮೇಲೆ ಬಟ್ಟಲಿನ ಅಳತೆಯನ್ನು ಅವಳು ತುಸು ಹೆಚ್ಚಿಸಿಯೂ ಇದ್ದಳು.

ಉಪ್ಪು ಕೂಡದು ಎಂದು ಡಾಕ್ಟರ್ ಹೇಳಿದ್ದನ್ನು ಅವಳು ಮರೆತವಳಲ್ಲ. ಅಡುಗೆಮನೆಯ ಉಪ್ಪಿನ ಭರಣಿಯನ್ನು ಪಕ್ಕದ ಮನೆಗೆ ಕೊಟ್ಟಿದ್ದಳು. ಸಪ್ಪೆ ಗಂಜಿ, ನಿಂಬೆಹುಳಿ ಹಿಂಡಿ ಹಬೆಯಲ್ಲಿ ಬೇಯಿಸಿದ ಮೀನು, ಬೇಯಿಸಿದ ಸೋರೆಕಾಯಿ, ಇಷ್ಟೇ ಅವನಿಗೆ ಹಾಕಿ, ತಾನೂ ಅದನ್ನೇ ತಿಂದಿದ್ದಳು. ಮೀನಿನ ರಸದ ದ್ವೀಪದಲ್ಲಿ ಹುಟ್ಟಿ ಬೆಳೆದ ನಾಲಿಗೆಗೆ ಅದು ಎಂಥ ಶಿಕ್ಷೆ ಎನ್ನುವುದು ನಮ್ಮವರಿಗೇ ಗೊತ್ತು.

ಒಂದು ತಾಸಿಗೆ ಸರಿಯಾಗಿ ಉಯೆನ್ ಕಾಗದ ಹಿಡಿದು ಬಂದಳು. ಈ ಸಲ ಮುಖಗವುಸು ಇರಲಿಲ್ಲ, ಮುಖದಲ್ಲಿ ನಗುವೂ ಇರಲಿಲ್ಲ.

"ಚಿಕ್ಕಮ್ಮ, ಅಡುಗೆ ನೀವೇ ಅಲ್ವಾ ಮಾಡೋದು?"

"ನಾನೇ ಕಣಮ್ಮ. ಒಂದು ಕಲ್ಲುಪ್ಪು ಹಾಕಿಲ್ಲ. ನನ್ನ ಅಪ್ಪನಾಣೆ."

"ಈ ಕಾಗದ ಬೇರೆ ಹೇಳ್ತಿದೆ. ನಾನು ಕೊಟ್ಟ ಮಾತ್ರೆ ಕೆಲಸ ಮಾಡ್ತಾ ಇದೆ, ಉಪ್ಪನ್ನ ಬೇಕಾದಷ್ಟು ಹೊರಗೆ ಹಾಕ್ತಾ ಇದೆ. ಹಾಗಿದ್ದೂ ನೀರು ತುಂಬ್ತಿದೆ ಅಂದರೆ ಅದಕ್ಕಿಂತ ಜಾಸ್ತಿ ಉಪ್ಪು ಒಳಗೆ ಬೀಳ್ತಾ ಇದೆ. ಉಪ್ಪು ಹೋದ ಕಡೆ ನೀರು ಹಿಂದೇನೇ ಹೋಗುತ್ತೆ. ಎಲ್ಲಿಂದ ಬರ್ತಿದೆ ಅದು?"

ಥೋವಾ ಬಾಯಿ ತೆರೆಯುವ ಮೊದಲೇ ಖಿಯೆಮ್ ಮಾತಾಡಿಬಿಟ್ಟ. "ಅವಳನ್ನೇನು ಕೇಳ್ತೀರಿ? ನಾನೇ ಕಳ್ಳ. ಹದಿನಾಲ್ಕು ಪೀಪಾಯಿ, ದಿನಾ ಒಂದೊಂದರದ್ದೂ ಹನಿ ನಾಲಿಗೆಗೆ ಇಡ್ತೀನಿ. ಉಗುಳ್ತೀನಿ, ಆದ್ರೂ ಒಂಚೂರು ಇಳಿಯುತ್ತಲ್ಲ."

"ಹನಿ ಇಟ್ಟು ಉಗುಳಿದರೆ ಇಷ್ಟಾಗಲ್ಲ ಚಿಕ್ಕಪ್ಪ. ಅದೂ ಅಲ್ಲದೆ ನಿನ್ನೆಯಿಂದ ನೀವು ಇಲ್ಲೇ ಇದ್ದೀರಿ. ಇಲ್ಲಿ ಯಾವ ಪೀಪಾಯಿ ಇದೆ? ಇದು ದಿನಾ ಒಂದು ಬಟ್ಟಲು ಕುಡಿದವರ ಲೆಕ್ಕ."

ಖಿಯೆಮ್ ಕಿಟಕಿಯ ಕಡೆ ತಿರುಗಿದ. "ಹೋಗ್ಲಿ ಬಿಡಿ. ಹೆಂಗೂ ಮೂರು ಗಂಟೆಗೆ ಕೊಳವೆ ಹಾಕಿಸ್ಕೋತೀನಿ. ಬಂದಷ್ಟು ಬರಲಿ, ಇಳಿದಷ್ಟು ಇಳೀಲಿ. ಥೋವಾ, ಚೀಲ ತಗೋ, ಹೊರಡೋಣ."

ಥೋವಾ ಚೀಲ ತೆಗೆದುಕೊಂಡಳು. ಅದು ತೊಡೆಯ ಮೇಲೇ ಉಳಿಯಿತು. ಸುಮ್ಮನಿದ್ದುಬಿಟ್ಟರೆ ಅರ್ಧ ಗಂಟೆಯಲ್ಲಿ ಮಾರ್ಕೆಟ್ ಹಿಂದೆ ಇರಬಹುದು. ಯಾರಿಗೂ ಏನೂ ತಿಳಿಯುವುದಿಲ್ಲ. ಅವನ ಪಕ್ಕೆಯಲ್ಲಿ ಕೊಳವೆ ಇರುತ್ತದೆ, ತಾನು ನಾಳೆ ಬೆಳಿಗ್ಗೆಯಿಂದ ಸುರಿಯುವುದನ್ನು ನಿಲ್ಲಿಸಿದರಾಯಿತು. ಹೀಗೆಲ್ಲ ಅವಳ ತಲೆಯಲ್ಲಿ ಓಡಿದ್ದು ನಿಜ. ಭಯವಾದರೆ ಎಂಥವರ ತಲೆಯಲ್ಲೂ ಓಡುತ್ತದೆ. ಆದರೆ ಕೊಳವೆ ತೆಗೆಯುವವರೆಗೆ ಅವರು ಉಳಿಯಲಿಲ್ಲ ಎಂದು ಡಾಕ್ಟರ್ ಹೇಳಿದ್ದು ಬಾಗಿಲಿನಾಚೆ ಕೂತ ಅವಳ ಕಿವಿಗೂ ಬಿದ್ದಿತ್ತು.

ಅವಳು ಟವೆಲ್ಲು ಬಿಚ್ಚಿ ಬಾಟಲಿಯನ್ನೂ ಬಟ್ಟಲನ್ನೂ ಮೇಜಿನ ಮೇಲೆ ಇಟ್ಟಳು. ಕೋಣೆಯಲ್ಲಿ ಮೀನಿನ ರಸದ ವಾಸನೆ ಘಮ್ಮೆಂದು ಹರಡಿತು.

"ನಾನು ಸುರಿದದ್ದು," ಎಂದಳು. "ದಿನಾ ಒಂದು. ಇವತ್ತು ಎರಡಾಯ್ತು."

ಉಯೆನ್ ಬಟ್ಟಲನ್ನು ಕೈಗೆತ್ತಿಕೊಂಡು, ಅದರ ತಳವನ್ನೂ ಥೋವಾಳ ಮುಖವನ್ನೂ ನೋಡಿದಳು. "ಯಾಕೆ?"

"ಮೈ ತಣ್ಣಗಾಗುತ್ತಲ್ಲಮ್ಮ. ನೀವು ಅಷ್ಟೊಂದು ತೆಗೀತೀರಿ. ಹೊರಗೆ ಬಂದಾಗ ಕೈಕಾಲು ಮಂಜುಗಡ್ಡೆ. ನಮ್ಮಪ್ಪ ನೀರಿಗಿಳಿಯೋಕೆ ಮುಂಚೆ ಇದನ್ನೇ ಕುಡೀತಿದ್ದ. ಇದು ಔಷಧ ಅಲ್ವಾ? ನೀವು ಅಡುಗೆಗೆ ಉಪ್ಪು ಹಾಕ್ಬೇಡಿ ಅಂದ್ರಿ, ನಾನು ಹಾಕ್ಲಿಲ್ಲ." ಅವಳು ಉಯೆನ್‌ಳ ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು. "ಅಯ್ಯೋ, ನಾನೇ ತುಂಬಿಸ್ತಾ ಇದ್ನಲ್ಲಮ್ಮ! ನೀವು ಇತ್ತ ಬಾಚಿ ತೆಗೆದ್ರೆ ನಾನು ಅತ್ತ ಸುರೀತಾ ಇದ್ದೆ!"

ಬೇರೆ ಡಾಕ್ಟರಾಗಿದ್ದರೆ ಎಗರಿ ಬೀಳುತ್ತಿದ್ದರೋ ಏನೋ. ಉಯೆನ್ ಸ್ಟೂಲು ಎಳೆದುಕೊಂಡು ಥೋವಾಳ ಎದುರಿಗೆ ಕೂತಳು. "ನಾನು ಊಟದ್ದು ಕೇಳಿದೆ, ಔಷಧದ್ದು ಕೇಳಲೇ ಇಲ್ಲ. ನನ್ನದೂ ತಪ್ಪೇ. ಚಿಕ್ಕಮ್ಮ, ಇದು ಒಳ್ಳೆ ಸುದ್ದಿ. ಯಾಕೆ ತುಂಬ್ತಿದೆ ಅಂತ ಗೊತ್ತಿಲ್ಲದಿದ್ದಾಗ ನನಗೆ ಭಯ ಇತ್ತು, ಈಗ ಇಲ್ಲ." ಆಮೇಲೆ ಖಿಯೆಮ್ ಕಡೆ ತಿರುಗಿದಳು. "ಇಪ್ಪತ್ತು ದಿನ ಕೊಡಿ ನನಗೆ. ಈ ಬಟ್ಟಲೂ ಬೇಡ, ಪೀಪಾಯಿಯ ಹನಿಯೂ ಬೇಡ. ನೀರು ಪೂರ್ತಿ ನಿಲ್ಲುತ್ತೆ ಅಂತ ಸುಳ್ಳು ಹೇಳಲ್ಲ, ಲಿವರ್ ಹೊಸದಾಗೋದೂ ಇಲ್ಲ. ಆದರೆ ನಿಧಾನ ಆಗೇ ಆಗುತ್ತೆ. ನಡುವೆ ಉಸಿರು ಕಟ್ಟಿದರೆ ಅವತ್ತೇ ಬನ್ನಿ. ಇಪ್ಪತ್ತನೇ ದಿನ ನಾನು ಹೇಳಿದ್ದು ಆಗದೇ ಇದ್ದರೆ ಕೊಳವೆ ಮಾತು ಆಡೋಣ."

"ಹನಿ ಇಡದೆ ಹದ ಹೇಗೆ ನೋಡೋದು?"

"ಅದು ನಿಮ್ಮ ಕಷ್ಟ."

ಅವಳು ಬಾಟಲಿಯನ್ನೂ ಜೊತೆಗೇ ತೆಗೆದುಕೊಂಡು ಹೋದಳು. ಥೋವಾ ಖಾಲಿಯಾದ ಟವೆಲ್ಲನ್ನು ಮಡಿಚತೊಡಗಿದಳು.

"ನಿಮಗೆ ಗೊತ್ತಿತ್ತೇನ್ರಿ?" ಎಂದಳು.

"ಗೊತ್ತಿರ್ಲಿಲ್ಲ. ಅನುಮಾನ ಇತ್ತು."

"ಯಾವಾಗಿಂದ?"

"ನಾಲ್ಕನೇ ಸಲದಿಂದ."

"ಮತ್ತೆ ಯಾಕೆ ಕುಡಿದ್ರಿ? ಬಾಯಿ ಇರ್ಲಿಲ್ವಾ? ಊರಿಗೆಲ್ಲಾ ಉಪದೇಶ ಮಾಡೋ ಬಾಯಿ!"

"ನೀನು ಸುರೀತಿದ್ದೆಯಲ್ಲೇ," ಎಂದ ಖಿಯೆಮ್. "ಬೇಡ ಅಂದಿದ್ರೆ ನೀನು ಆಮೇಲೆ ಏನು ಮಾಡ್ತಿದ್ದೆ? ಗೋಡೆ ನೋಡ್ಕೊಂಡು ಕೂರೋದು ಬಿಟ್ರೆ ನಿನಗಿಲ್ಲಿ ಇನ್ನೇನು ಕೆಲಸ ಇತ್ತು?"

ಥೋವಾ ಟವೆಲ್ಲಿನ ತುದಿಯಿಂದ ಅವನ ತೋಳಿಗೆ ಪಟಾರನೆ ಹೊಡೆದಳು. ಆಮೇಲೆ ಅದೇ ಟವೆಲ್ಲಿನಲ್ಲಿ ಮುಖ ಮುಚ್ಚಿ ಅತ್ತಳು. ಗಡಿಯಾರದಲ್ಲಿ ಮೂರೂಕಾಲಾಗಿತ್ತು. ಸಂಜೆಗೆ ಮೊದಲು ಹೊರಡುವ ಕೊನೆಯ ಲಾಂಚ್ ಹಿಡಿದು ಅವರು ದ್ವೀಪಕ್ಕೆ ವಾಪಸಾದರು.

ಮಾರನೆಯ ಬೆಳಿಗ್ಗೆ ಒಂಬತ್ತನೆಯ ಪೀಪಾಯಿಯ ಮುಂದೆ ಜಗಳ ಹತ್ತಿತು. ಆ ಮನೆಯಲ್ಲಿ ಖಿಯೆಮ್‌ನ ಅಪ್ಪ, ಆಮೇಲೆ ಖಿಯೆಮ್, ಇವರಿಬ್ಬರ ನಾಲಿಗೆ ಬಿಟ್ಟರೆ ಬೇರೆ ನಾಲಿಗೆ ಹದ ಹೇಳಿದ್ದಿಲ್ಲ. ಥೋವಾ ತೂಬಿನ ಬೆಣೆಯನ್ನು ಕೂದಲೆಳೆಯಷ್ಟು ಸಡಿಲಿಸಿ, ಬೆರಳ ತುದಿಗೆ ಹನಿ ಹಿಡಿದು ಬಾಯಿಗಿಟ್ಟಳು.

"ಏನನ್ಸುತ್ತೆ?"

"ಉಪ್ಪು."

"ಉಪ್ಪಲ್ಲದೆ ಸಕ್ಕರೆ ಇರುತ್ತೇನೇ! ನಾಲಿಗೆ ಬುಡದಲ್ಲಿ ನೋಡು. ಕೊನೇಲಿ ಸಿಹಿ ಬರುತ್ತಾ?"

ಥೋವಾ ಕಣ್ಣು ಮುಚ್ಚಿದಳು. "ಇಲ್ಲ. ಕೊನೇಲಿ ಹಸಿ ಮೀನು."

"ಹಸಿ ಅಂದ್ರೆ ಬರೀ ಹಸೀನಾ? ಇಲ್ಲಾ ಒಣಗಿದ ಹಸಿ?"

"ಅದೇನ್ರಿ ಒಣಗಿದ ಹಸಿ? ನಿಮ್ಮ ತಲೆ!"

ಖಿಯೆಮ್‌ನ ಬೆರಳು ತಾನಾಗಿಯೇ ತೂಬಿನ ಕಡೆ ಹೋಯಿತು. ಥೋವಾ ಅದಕ್ಕೆ ಒಂದು ಪೆಟ್ಟು ಕೊಟ್ಟು ಬೆಣೆ ಬಿಗಿದಳು. ಹೀಗೇ ದಿನಾ ನಡೆಯಿತು. ಅವನು ವಾಸನೆ ಹಿಡಿಯುತ್ತಿದ್ದ, ಬಣ್ಣ ನೋಡುತ್ತಿದ್ದ, ಪೀಪಾಯಿಗೆ ಗುದ್ದಿ ಸದ್ದು ಕೇಳುತ್ತಿದ್ದ, ನೂರೆಂಟು ಪ್ರಶ್ನೆ ಕೇಳಿ ಹೆಂಡತಿಯ ನಾಲಿಗೆಯಿಂದ ಉತ್ತರ ಹೊರಡಿಸುತ್ತಿದ್ದ. ಸಿಟ್ಟು ಬಂದ ದಿನ ಸಪ್ಪೆ ಗಂಜಿಯ ತಟ್ಟೆಯನ್ನು ತಳ್ಳುತ್ತಿದ್ದ, ಹಸಿವಾದ ಮೇಲೆ ತಾನೇ ಎಳೆದುಕೊಳ್ಳುತ್ತಿದ್ದ. ಆರನೆಯ ದಿನ ಬಂತು. ಇಬ್ಬರೂ ಬೆಳಿಗ್ಗೆಯಿಂದ ಅವನ ಉಸಿರನ್ನೇ ಕಾಯುತ್ತ ಕೂತರು, ಚೀಲವನ್ನೂ ಕಟ್ಟಿಟ್ಟಿದ್ದರು. ಮಧ್ಯಾಹ್ನ ಅವನು ಪೀಪಾಯಿಯ ಏಣಿ ಹತ್ತಿ ಇಳಿದ. ಏದುಸಿರು ಬಂತು, ಆದರೆ ನಿಂತಲ್ಲೇ ಇಳಿಯಿತು. ಥೋವಾ ಚೀಲ ಬಿಚ್ಚಿದಳು.

ಹದಿನಾರನೆಯ ದಿನ ಅವಳು ಹನಿ ಬಾಯಿಗಿಟ್ಟು ನಾಲಿಗೆಯ ಬುಡದವರೆಗೆ ಇಳಿಯಗೊಟ್ಟಳು. "ಇಳಿಸಿ," ಎಂದಳು.

"ಸಿಹಿ?"

"ಬಂತು. ಗಂಟಲ ಹತ್ತಿರ."

"ಖಂಡಿತಾ?"

"ಖಂಡಿತಾ ರೀ. ಇಳಿಸಿ ಅಂದ್ನಲ್ಲ."

ಅವನು ಬೆಣೆ ತಿರುಗಿಸಿದ. ಕೆಂಪಗೆ, ತಿಳಿಯಾಗಿ, ಹನಿಯ ಹಿಂದೆ ಹನಿಯಾಗಿ ಬಿತ್ತು. ರಸ ಕೊಳ್ಳಲು ಬಂದ ವ್ಯಾಪಾರಿ ರುಚಿ ನೋಡಿ, ಖಿಯೆಮ್‌ನ ನಾಲಿಗೆಗೆ ವಯಸ್ಸೇ ಆಗಿಲ್ಲ ಎಂದು ಹೊಗಳಿದ. ಖಿಯೆಮ್ ಆ ಹೊಗಳಿಕೆಯನ್ನು ಗಂಭೀರವಾಗಿ ಸ್ವೀಕರಿಸಿದ. ಥೋವಾ ಒಳಗೆ ಹೋಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಇಪ್ಪತ್ತನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅವರು ಆಸ್ಪತ್ರೆಯಲ್ಲಿದ್ದರು. ಥೋವಾ ಎಂದಿನಂತೆ ಹೊರಗಿನ ಬೆಂಚಿನ ಕಡೆ ನಡೆದಾಗ ಉಯೆನ್ ಅವಳ ಮೊಣಕೈ ಹಿಡಿದಳು. "ಇವತ್ತು ಒಳಗೆ ಬನ್ನಿ ಚಿಕ್ಕಮ್ಮ."

"ನನಗೆ ಸೂಜಿ ನೋಡೋಕಾಗಲ್ಲಮ್ಮ."

"ಸೂಜಿ ತೋರಿಸ್ತೀನಿ ಅಂದೆನಾ ನಾನು? ಬನ್ನಿ."

ಖಿಯೆಮ್ ಅಷ್ಟರಲ್ಲೇ ಅಂಗಿ ಕಳಚಿ ಥೋವಾಳ ಕೈಗೆ ಕೊಟ್ಟು, ಮಂಚದ ಅಂಚಿನಲ್ಲಿ ಕೂತು, ದಿಂಬು ತಬ್ಬಿ ಬಗ್ಗಿ ಸಿದ್ಧನಾಗಿದ್ದ. ಉಯೆನ್ ಅವನ ಬೆನ್ನಿಗೆ ತಣ್ಣನೆಯ ಅಂಟು ಹಚ್ಚಿ, ಕೈಯಲ್ಲಿದ್ದ ಸ್ಕ್ಯಾನಿನ ಹಿಡಿಯನ್ನು ಪಕ್ಕೆಯ ಮೇಲೆ ಮೇಲಿಂದ ಕೆಳಗೆ ಆಡಿಸಿದಳು. ಪರದೆಯ ಮೇಲೆ ಬೂದು ಬಣ್ಣ ಅಲುಗಾಡಿತು.

"ಇಲ್ಲಿ ನೋಡಿ ಚಿಕ್ಕಮ್ಮ. ಕಪ್ಪಗೆ ಕಾಣೋದು ನೀರು. ಹೋದ ಸಲ ಇಲ್ಲಿಂದ ಇಲ್ಲೀವರೆಗೆ ಇತ್ತು." ಅವಳು ಪರದೆಯ ಮೇಲೆ ಒಂದು ಗೇಣು ಅಳೆದಳು. "ಇವತ್ತು ಕೆಳಗಡೆ ಎರಡು ಬೆರಳು. ಈ ಅಲ್ಲಾಡ್ತಿರೋದು ಶ್ವಾಸಕೋಶ. ಕೆಳಗಿನ ತನಕ ಬಂದಿದೆ."

"ಆಯ್ತಾ?" ಎಂದ ಖಿಯೆಮ್ ದಿಂಬಿನೊಳಗಿನಿಂದ. "ಚುಚ್ಚಿ ಬೇಗ. ಹನ್ನೆರಡರ ಲಾಂಚಿಗೆ ಹೋಗ್ಬೇಕು."

"ಚುಚ್ಚಲ್ಲ."

"ಹಾಗಂದ್ರೆ?"

"ಸೂಜಿ ಹಾಕೋವಷ್ಟು ನೀರಿಲ್ಲ ಚಿಕ್ಕಪ್ಪ. ಮಾತ್ರೆ ಮುಂದುವರಿಸಿ, ಸಪ್ಪೆ ಊಟ ಮುಂದುವರಿಸಿ. ಹದಿನೈದು ದಿನ ಬಿಟ್ಟು ಮುಖ ತೋರಿಸಿ."

"ಅಷ್ಟು ದೂರದಿಂದ ಬಂದಿದೀನಿ, ಒಂದರ್ಧ ಲೀಟರ್ ಆದ್ರೂ..."

"ಬರೀ ಕೆಸರು ಬರುತ್ತೆ," ಎಂದಳು ಉಯೆನ್, ಥೇಟು ಪೀಪಾಯಿಯವರ ಧಾಟಿಯಲ್ಲೇ. ಕೈಗವುಸು ಕಿತ್ತು ಬುಟ್ಟಿಗೆ ಹಾಕಿ, ಥೋವಾಳ ಭುಜ ತಟ್ಟಿ, ಮುಂದಿನ ರೋಗಿಯ ಕಡೆ ಹೋದಳು.

ಥೋವಾ ಒಂದು ಹತ್ತಿಬಟ್ಟೆ ತೆಗೆದುಕೊಂಡು ಗಂಡನ ಬೆನ್ನಿನ ಅಂಟನ್ನು ಒರೆಸತೊಡಗಿದಳು. ಒರೆಸಿದ ಕಡೆ ಕೈ ನಿಂತಿತು. ಬಲ ಹೆಗಲ ಮೂಳೆಯ ಕೆಳಗೆ, ಪಕ್ಕೆಲುಬುಗಳ ಸಂದಿಗಳಲ್ಲಿ, ಎಳ್ಳಿನಷ್ಟೇ ದೊಡ್ಡ ಕಪ್ಪು ಚುಕ್ಕೆಗಳಿದ್ದವು. ಈ ಗುರುತುಗಳನ್ನು ಅವಳು ಹತ್ತಿರದಿಂದ ನೋಡಿದ್ದು ಅಂದೇ. ಮನೆಯಲ್ಲಿ ಅವನ ಬೆನ್ನು ಉಜ್ಜುವಾಗಲೂ ಆ ಜಾಗಕ್ಕೆ ಬಂದರೆ ಕಣ್ಣು ಆಚೆ ತಿರುಗಿಸುತ್ತಿದ್ದಳು. ಒಂದೊಂದರ ಮೇಲೂ ಬೆರಳಿಟ್ಟಳು. ಏಳಿದ್ದವು.

"ಏನೇ ಮಾಡ್ತಿದೀಯ ಅಲ್ಲಿ? ಅಂಗಿ ಕೊಡು."

"ಕೊಡ್ತೀನಿ. ಒಂದ್ಸಲ ಉಸಿರು ಎಳೀರಿ."

"ನೀನೂ ಡಾಕ್ಟ್ರಾದೆಯಾ?"

"ಎಳೀರಿ ಅಂದ್ನಲ್ಲ."

ಅವಳು ಅಂಗೈಯನ್ನು ಅಗಲಿಸಿ ಆ ಏಳೂ ಚುಕ್ಕೆಗಳನ್ನು ಮುಚ್ಚಿ ಹಿಡಿದಳು. ಖಿಯೆಮ್ ಉಸಿರು ಎಳೆದುಕೊಂಡ. ಬಲ ಪಕ್ಕೆ ಅವಳ ಅಂಗೈಯನ್ನು ಮೇಲಕ್ಕೆತ್ತಿತು, ಇಳಿಸಿತು, ಮತ್ತೆ ಎತ್ತಿತು. ಬಾಗಿಲಲ್ಲಿ ಮುಂದಿನವರು ಬಂದು ನಿಂತರೂ ಅವಳು ಕೈ ತೆಗೆಯಲಿಲ್ಲ.